ಕೆಂಪು ದೀಪಕ್ಕೆ ಕಣ್ಣು ಬಂದ ಬಗೆ

ಸಂಜೆ ಆರೂವರೆಯ ಹೊತ್ತು. ಕಛೇರಿ ಬಿಟ್ಟವರು, ಮಕ್ಕಳನ್ನು ಮನೆಪಾಠಕ್ಕೆ ಕರೆದೊಯ್ಯುವವರು, ಹೂವು ತರಕಾರಿ ಕೊಂಡು ಮನೆಯ ಹಾದಿ ಹಿಡಿದವರು, ಎಲ್ಲರೂ ಬೆಂಗಳೂರಿನ ಒಂದು ಸರ್ಕಲ್ಲಿನಲ್ಲಿ ಬಂದು ನಿಂತಿದ್ದಾರೆ. ಕೆಂಪು ದೀಪದ ಮಗ್ಗುಲ ಫಲಕದಲ್ಲಿ ಅಂಕಿಗಳು ಒಂದೊಂದಾಗಿ ಇಳಿಯುತ್ತಿವೆ: 90, 89, 88. ಅಷ್ಟರಲ್ಲಿ ಹಿಂದಿನಿಂದ ಆಂಬುಲೆನ್ಸಿನ ಕೂಗು ಕೇಳಿಬರುತ್ತದೆ. ಜನ ಕನ್ನಡಿಯಲ್ಲಿ ನೋಡುತ್ತಾರೆ, ಕತ್ತು ತಿರುಗಿಸಿ ನೋಡುತ್ತಾರೆ, ಆದರೆ ಸರಿಯಲು ಜಾಗವಿಲ್ಲ. ಎಡಕ್ಕೆ ಬಸ್ಸು, ಬಲಕ್ಕೆ ರಸ್ತೆಯ ನಡುವಿನ ಗೋಡೆ, ಎದುರಿಗೆ ಕೆಂಪು ದೀಪ. ಸ್ಕೂಟರಿನ ಮುಂದೆ ನಿಂತಿರುವ ಹುಡುಗನೊಬ್ಬ ತಂದೆಯನ್ನು ಕೇಳುತ್ತಾನೆ: "ಅಪ್ಪಾ, ಆ ದೀಪಕ್ಕೆ ಆಂಬುಲೆನ್ಸ್ ಕಾಣಿಸುವುದಿಲ್ಲವೇ?"

ತಂದೆ "ದೀಪಕ್ಕೆ ಕಣ್ಣೆಲ್ಲಿ ಬಂತೋ, ಸುಮ್ಮನಿರು" ಎಂದು ಗದರಿಸಬಹುದು. ಗದರಿಸಿದರೆ ತಪ್ಪು ತಂದೆಯದೇ. ದೀಪಕ್ಕೆ ಕಣ್ಣು ಬಂದು ಅರ್ಧ ಶತಮಾನಕ್ಕೂ ಮೀರಿದೆ. ಕಿವಿಯೂ ಬಂದಿದೆ. ಆಂಬುಲೆನ್ಸಾಗಲಿ ಬೆಂಕಿ ಆರಿಸುವ ವಾಹನವಾಗಲಿ ಅರ್ಧ ಮೈಲಿ ದೂರದಲ್ಲಿರುವಾಗಲೇ ಅದನ್ನು ಗುರುತಿಸಿ, ಅಡ್ಡ ರಸ್ತೆಯ ಸಂಚಾರವನ್ನು ತಡೆದು, ಅದು ಬರುವ ರಸ್ತೆಗೆ ಹಸಿರು ತೋರಿಸುವ ಸಿಗ್ನಲ್ಲುಗಳು ಅಮೆರಿಕದ ನೂರಾರು ಊರುಗಳಲ್ಲಿ ಉಂಟು. ಈ ಏರ್ಪಾಡಿನ ಕಥೆ ಸ್ವಾರಸ್ಯವಾದದ್ದು. ಅದರಲ್ಲಿ ಜಾಣ್ಮೆಯಿದೆ, ಕಳ್ಳತನವಿದೆ, ಏಳು ಮಕ್ಕಳ ಸಾವೂ ಇದೆ.

ರಸ್ತೆಯ ದೀಪಗಳ ಚರಿತ್ರೆ ಮೊದಲಾಗುವುದು ಲಂಡನ್ನಿನಲ್ಲಿ. 1868ರ ಡಿಸೆಂಬರಿನಲ್ಲಿ ಪಾರ್ಲಿಮೆಂಟ್ ಭವನದ ಹೊರಗೆ ಅಂಥದೊಂದು ಕಂಬವನ್ನು ನಿಲ್ಲಿಸಲಾಯಿತು. ಅದನ್ನು ಯೋಜಿಸಿದ ಜಾನ್ ಪೀಕ್ ನೈಟ್ ಎಂಬಾತನು ರೈಲ್ವೆ ಇಂಜಿನಿಯರು. ರೈಲು ಕಂಬದ ಕೈಯನ್ನೇ ರಸ್ತೆಗೆ ತಂದು, ರಾತ್ರಿಯ ವೇಳೆಗೆ ಅನಿಲದಿಂದ ಉರಿಯುವ ಕೆಂಪು ಹಸಿರು ದೀಪಗಳನ್ನು ಅದಕ್ಕೆ ಸೇರಿಸಿದ. ತಿಂಗಳು ತುಂಬುವುದರೊಳಗೆ, 1869ರ ಜನವರಿಯಲ್ಲಿ, ಅನಿಲ ಸೋರಿ ದೀಪ ಸಿಡಿದು ಅದನ್ನು ನಡೆಸುತ್ತಿದ್ದ ಪೋಲೀಸಿನವನು ಗಾಯಗೊಂಡ. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ವಿದ್ಯುತ್ತಿನ ದೀಪ ಬಂದದ್ದು 1914ರ ಆಗಸ್ಟ್ 5ರಂದು, ಅಮೆರಿಕದ ಓಹಾಯೋ ಪ್ರಾಂತದ ಕ್ಲೀವ್‌ಲೆಂಡ್ ನಗರದಲ್ಲಿ. ಯೂಕ್ಲಿಡ್ ಅವೆನ್ಯೂ ಎಂಬ ದೊಡ್ಡ ಬೀದಿಯೂ 105ನೆಯ ಪೂರ್ವ ಬೀದಿಯೂ ಕೂಡುವಲ್ಲಿ ನಾಲ್ಕು ಮೂಲೆಗಳಿಗೂ ಕೆಂಪು ಹಸಿರು ದೀಪಗಳನ್ನು ಹಾಕಿ, ದೀಪ ಬದಲಾಗುವ ಮುನ್ನ ಎಚ್ಚರಿಸಲು ಒಂದು ಗುಂಯ್‌ಗುಡುವ ಕರೆಗಂಟೆಯನ್ನೂ ಇಟ್ಟಿದ್ದರು. ರಸ್ತೆಯ ಪಕ್ಕದ ಪುಟ್ಟ ಗೂಡಿನೊಳಗೆ ಕುಳಿತ ಪೋಲೀಸಿನವನು ಗುಂಡಿಯೊತ್ತಿ ಇವನ್ನೆಲ್ಲ ನಡೆಸುತ್ತಿದ್ದ. ಇದರ ಮೂಲಕಲ್ಪನೆ ಜೇಮ್ಸ್ ಹೋಗ್ ಎಂಬಾತನದು. 1918ರಲ್ಲಿ ಆತನಿಗೆ ದೊರೆತ ಹಕ್ಕುಪತ್ರದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬೆಂಕಿ ಬಿದ್ದಾಗ ಅಥವಾ ಬೇರೆ ಅವಘಡವಾದಾಗ ಅಗ್ನಿಶಾಮಕ ಠಾಣೆಯವರೂ ಪೋಲೀಸ್ ಠಾಣೆಯವರೂ ಈ ದೀಪಗಳನ್ನು ತಮ್ಮ ಹತೋಟಿಗೆ ತೆಗೆದುಕೊಂಡು ದಾರಿ ತೆರವು ಮಾಡಿಕೊಳ್ಳಬಹುದು ಎಂಬ ಏರ್ಪಾಡು ಅದರಲ್ಲಿಯೇ ಸೇರಿತ್ತು. ತುರ್ತು ವಾಹನಕ್ಕೆ ದಾರಿ ಬಿಡುವ ಆಲೋಚನೆ ಆಮೇಲೆ ಅಂಟಿಸಿದ ತೇಪೆಯಲ್ಲ, ವಿದ್ಯುತ್ ಸಿಗ್ನಲ್ಲಿನ ಜೊತೆಯಲ್ಲೇ ಹುಟ್ಟಿದ್ದು. ನಡುವೆ ಎಲ್ಲಿಯೋ ಮರೆತುಹೋಯಿತು, ಅಷ್ಟೆ.

ಮರೆತದ್ದಕ್ಕೆ ಕಾರಣವೂ ಉಂಟು. ಗೂಡಿನಲ್ಲಿ ಪೋಲೀಸಿನವನು ಕುಳಿತಿರುವವರೆಗೆ ಗಂಟೆಯ ಸದ್ದು ಕೇಳಿದೊಡನೆ ಅವನೇ ದೀಪ ಬದಲಾಯಿಸುತ್ತಿದ್ದ. ಅವನ ಬದಲಿಗೆ ಗಡಿಯಾರದ ಯಂತ್ರ ಬಂದಾಗ ಗೂಡು ಖಾಲಿಯಾಯಿತು. ಗಡಿಯಾರ ಸಂಬಳ ಕೇಳುವುದಿಲ್ಲ, ರಜೆ ಕೇಳುವುದಿಲ್ಲ. ಆದರೆ ಅದಕ್ಕೆ ಸೈರನ್ ಕೇಳಿಸುವುದೂ ಇಲ್ಲ. ಅಗ್ನಿಶಾಮಕ ಠಾಣೆಯ ಎದುರಿನ ಒಂದೆರಡು ದೀಪಗಳಿಗೆ ತಂತಿ ಎಳೆದು ಠಾಣೆಯ ಗೋಡೆಯಲ್ಲಿ ಗುಂಡಿ ಇಡುವ ಪದ್ಧತಿಯೇನೋ ಉಳಿಯಿತು. ಅದರ ಪ್ರಯೋಜನ ಠಾಣೆಯ ಬಾಗಿಲಿನಿಂದ ಹೊರಬೀಳುವ ತನಕ ಮಾತ್ರ. ಮುಂದಿನ ಹತ್ತು ಸರ್ಕಲ್ಲುಗಳನ್ನು ಕೆಂಪು ದೀಪದಲ್ಲಿಯೇ ದಾಟಬೇಕು. ಇಂಥ ದಾಟುವಿಕೆಯಲ್ಲಿಯೇ ಅಪಾಯವೆಲ್ಲ ಅಡಗಿರುವುದು. ಹಲವು ಟನ್ ನೀರು ಹೊತ್ತ ವಾಹನ ಥಟ್ಟನೆ ನಿಲ್ಲಲಾರದು. ಅಡ್ಡ ರಸ್ತೆಯಲ್ಲಿ ಹಸಿರು ದೀಪ ನಂಬಿ ಕಿಟಕಿಯ ಗಾಜು ಏರಿಸಿಕೊಂಡು ಬರುವವನಿಗೆ ಸೈರನ್ ಕೇಳಿಸದು. ಎರಡೂ ಒಂದೆಡೆ ಸೇರಿದರೆ, ಒಬ್ಬನನ್ನು ಉಳಿಸಲು ಹೊರಟ ವಾಹನವೇ ಮತ್ತೊಬ್ಬನನ್ನು ಆಸ್ಪತ್ರೆಗೆ ಸೇರಿಸುತ್ತದೆ.

ಈ ತೊಡಕಿಗೆ ಪರಿಹಾರ ಹುಡುಕಿದ್ದು ಮಿನೆಸೋಟ ಪ್ರಾಂತದ ಸೇಂಟ್ ಪಾಲ್ ನಗರ. ಮರಳುಕಾಗದಕ್ಕೂ ಅಂಟುಪಟ್ಟಿಗೂ ಹೆಸರಾದ ತ್ರೀ ಎಂ ಕಂಪೆನಿಯ ನೆಲೆ ಆ ನಗರದ ಬಳಿಯೇ. ದೂರದಿಂದ ರಸ್ತೆ ದೀಪವನ್ನು ಹತೋಟಿಯಲ್ಲಿಡುವ ವಿಧಾನವೊಂದಕ್ಕೆ ಆ ಕಂಪೆನಿಯ ವಿಲಿಯಂ ಲಾಂಗ್ ಎಂಬುವರ ಹೆಸರಿನಲ್ಲಿ 1970ರಲ್ಲಿ ಹಕ್ಕುಪತ್ರ ದೊರೆಯಿತು. ಆ ಏರ್ಪಾಡು 'ಆಪ್ಟಿಕಾಂ' ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಯಂತ್ರದ ಒಳಗುಟ್ಟು ಸರಳವಾದದ್ದು, ಸರಳವಾದ್ದರಿಂದಲೇ ಸೊಗಸಾದದ್ದು.

ತುರ್ತು ವಾಹನದ ನೆತ್ತಿಯ ಮೇಲೆ ಕ್ಸೆನಾನ್ ಅನಿಲ ತುಂಬಿದ ಒಂದು ದೀಪ. ಫೋಟೋ ತೆಗೆಯುವವರ ಫ್ಲಾಷ್ ದೀಪದ ಜಾತಿಗೆ ಸೇರಿದ್ದು. ಫೋಟೋದವನ ದೀಪ ಒಮ್ಮೆ ಮಿಂಚಿ ಸುಮ್ಮನಾಗುತ್ತದೆ, ಇದು ಸೆಕೆಂಡಿಗೆ 14 ಬಾರಿ ಮಿಂಚುತ್ತದೆ. 13 ಅಲ್ಲ, 15 ಅಲ್ಲ. ಆ ಮಿಂಚಿನಲ್ಲಿ ಕಣ್ಣಿಗೆ ಕಾಣುವ ಬೆಳಕಿನೊಡನೆ ಕಾಣದ ಅವಕೆಂಪು ಕಿರಣಗಳೂ ಇರುತ್ತವೆ. ಸಿಗ್ನಲ್ ಕಂಬದ ಚಾಚಿದ ತೋಳಿನ ಮೇಲೆ, ಹಕ್ಕಿಯೊಂದು ಬಂದು ಕುಳಿತಂತೆ, ಸಣ್ಣದೊಂದು ಗ್ರಾಹಕವಿರುತ್ತದೆ. ಹುಡುಗ ಕೇಳಿದ ಕಣ್ಣು ಇದೇ. ಹಗಲಿನ ಸೂರ್ಯನೂ ಇದರ ಮೇಲೆ ಬೀಳುತ್ತಾನೆ, ಆದರೆ ಸೂರ್ಯ ಮಿಣುಕುವುದಿಲ್ಲ. ಅಂಗಡಿಗಳ ಕೊಳವೆ ದೀಪಗಳು ಮಿಣುಕುತ್ತವೆ, ಆದರೆ ಸೆಕೆಂಡಿಗೆ ನೂರು ಬಾರಿ, ಅಮೆರಿಕದಲ್ಲಿ ನೂರಿಪ್ಪತ್ತು ಬಾರಿ. ಪೋಲೀಸ್ ವಾಹನದ ತಿರುಗುದೀಪ ಒಂದೆರಡು ಬಾರಿ ತಿರುಗಿದರೆ ಹೆಚ್ಚು. ಸರಿಯಾಗಿ 14ರ ತಾಳದಲ್ಲಿ, ಥಟ್ಟನೆ ಏರಿ ಥಟ್ಟನೆ ಆರುವ ಮಿಂಚುಗಳು ಒಂದರ ಹಿಂದೊಂದು ಬಂದಾಗ ಮಾತ್ರ ಕಂಬದ ಬುಡದ ಪೆಟ್ಟಿಗೆಯಲ್ಲಿರುವ ಯಂತ್ರ ಅದನ್ನು ನಂಬುತ್ತದೆ. ಇದೇ ದೀಪ ಸೆಕೆಂಡಿಗೆ 10 ಬಾರಿ ಮಿಂಚಿದರೆ ಅದು ಬಸ್ಸು ಎಂದರ್ಥ. ಬಸ್ಸಿಗೆ ಯಂತ್ರ ಸಣ್ಣದೊಂದು ದಾಕ್ಷಿಣ್ಯವನ್ನಷ್ಟೇ ತೋರಿಸುತ್ತದೆ: ಹಸಿರು ಇದ್ದರೆ ಕೆಲವು ಸೆಕೆಂಡು ಹೆಚ್ಚಿಗೆ ಉಳಿಸುತ್ತದೆ, ಕೆಂಪಿದ್ದರೆ ತುಸು ಬೇಗ ಮುಗಿಸುತ್ತದೆ. ಬೆಂಕಿ ವಾಹನದ ಮುಂದೆ ಮಾತ್ರ ಸರದಿಯನ್ನೇ ಮುರಿಯುತ್ತದೆ.

ಇಲ್ಲಿ ಒಂದು ಜನಜನಿತವಾದ ನಂಬಿಕೆಯನ್ನು ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ಕಾರಿನ ಮುಂದೀಪವನ್ನು ಬೇಗಬೇಗ ಹೊತ್ತಿಸಿ ಆರಿಸಿದರೆ ಸಿಗ್ನಲ್ ಮೋಸ ಹೋಗಿ ಹಸಿರಾಗುತ್ತದೆ ಎಂದು ಅಮೆರಿಕದಲ್ಲಿ ಅನೇಕರು ಹೇಳುತ್ತಾರೆ, ಮಾಡಿಯೂ ನೋಡುತ್ತಾರೆ. ಆಗಾಗ ದೀಪ ಹಸಿರಾಗುವುದೂ ಉಂಟು. ಕಾಯುತ್ತಿದ್ದರೆ ಹೇಗೂ ಹಸಿರಾಗುತ್ತಿತ್ತು ಎಂಬುದನ್ನು ಅವರು ಮರೆಯುತ್ತಾರೆ. ಮನುಷ್ಯನ ಬೆರಳು ಸೆಕೆಂಡಿಗೆ 14 ಬಾರಿ ಗುಂಡಿಯೊತ್ತಲಾರದು. ಒತ್ತಿದರೂ ಹಳೆಯ ಬಗೆಯ ದೀಪದೊಳಗಿನ ತಂತಿ ಅಷ್ಟು ಬೇಗ ತಣ್ಣಗಾಗಿ ಮತ್ತೆ ಕಾಯಲಾರದು.

ಯಂತ್ರ ನಂಬಿದ ಮೇಲೆ ಏನಾಗುತ್ತದೆ? ಮರುಕ್ಷಣದಲ್ಲಿ ಹಸಿರು ಬೀಳುತ್ತದೆಂದು ತಿಳಿದರೆ ತಪ್ಪು. ಅಡ್ಡ ರಸ್ತೆಯಲ್ಲಿ ಈಗಾಗಲೇ ಹಸಿರು ಕಂಡು ನುಗ್ಗುತ್ತಿರುವವರಿದ್ದಾರೆ. ಅವರಿಗೆ ಹಳದಿ ತೋರಿಸಬೇಕು, ಆಮೇಲೆ ಕೆಂಪು ತೋರಿಸಬೇಕು, ಕೂಡುರಸ್ತೆಯ ನಡುವೆ ಉಳಿದವರು ದಾಟಿಹೋಗಲೆಂದು ಒಂದೆರಡು ಸೆಕೆಂಡು ನಾಲ್ಕೂ ಕಡೆಗೆ ಕೆಂಪು ಹಿಡಿಯಬೇಕು. ಅಮೆರಿಕದ ಸಿಗ್ನಲ್ ನಿಯಮಗಳ ಪುಸ್ತಕ ಈ ವಿಷಯದಲ್ಲಿ ಖಂಡಿತವಾದಿ. ಎಂಥ ತುರ್ತಿರಲಿ, ಹಳದಿಯ ಅವಧಿಯನ್ನು ಕಡಿಮೆ ಮಾಡುವಂತಿಲ್ಲ, ಬಿಟ್ಟುಬಿಡುವಂತೆಯೂ ಇಲ್ಲ. ಕಾಲ್ನಡಿಗೆಯವರ ಅವಧಿಯನ್ನು ಮಾತ್ರ ಬೇಕಾದರೆ ಮೊಟಕು ಮಾಡಬಹುದೆಂದು ಅದೇ ಪುಸ್ತಕ ಅನುಮತಿ ಕೊಡುತ್ತದೆ. ಕೋಲೂರಿಕೊಂಡು ರಸ್ತೆಯ ನಡುವೆ ಬಂದಿರುವ ಮುದುಕಿಗೆ ಈ ಅನುಮತಿ ಹೇಗೆ ಕಾಣುತ್ತದೆಯೋ ಬಲ್ಲವರಾರು! ನಿಯಮ ಬರೆಯುವವರು ಸಾಮಾನ್ಯವಾಗಿ ಕಾರಿನಲ್ಲಿ ಬರುತ್ತಾರೆ.

ಒಂದು ಸಣ್ಣ ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾದೀತು. ರಸ್ತೆ 20 ಮೀಟರು ಅಗಲವಿದ್ದು, ದಾಟುವವರು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ ಅವರಿಗೆ 20 ಸೆಕೆಂಡು ಬೇಕು. ಹಳದಿಗೂ ನಾಲ್ಕು ಕಡೆಯ ಕೆಂಪಿಗೂ ಸೇರಿ 5 ಸೆಕೆಂಡು. ಇಷ್ಟಾದ ಮೇಲೆ ಆಂಬುಲೆನ್ಸಿನ ರಸ್ತೆಗೆ ಹಸಿರು ಬಿತ್ತು. ಆದರೆ ಅದರ ಮುಂದೆ ಒಂದೇ ಸಾಲಿನಲ್ಲಿ 20 ಕಾರುಗಳು ನಿಂತಿವೆ. ಹಸಿರು ಬಿದ್ದೊಡನೆ ಇಪ್ಪತ್ತೂ ಒಟ್ಟಿಗೆ ಹೊರಡುವುದಿಲ್ಲ. ಮುಂದಿನದು ಚಲಿಸಿದ ಮೇಲೆ ಹಿಂದಿನದು. ಒಂದೊಂದಕ್ಕೂ ಸುಮಾರು ಎರಡೆರಡು ಸೆಕೆಂಡು ಹಿಡಿಯುತ್ತದೆ, ಆರಂಭದ ತಡವರಿಕೆಗೆ ಇನ್ನೆರಡು. ಅಲ್ಲಿಗೆ 42 ಸೆಕೆಂಡು. ಎಲ್ಲ ಕೂಡಿದರೆ 67. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಆಂಬುಲೆನ್ಸ್ ಸೆಕೆಂಡಿಗೆ 11 ಮೀಟರು ಕ್ರಮಿಸುತ್ತದೆ. ಅದು ಎಲ್ಲಿಯೂ ತಡೆಯಿಲ್ಲದೆ ಹಾದುಹೋಗಬೇಕಾದರೆ ಸಿಗ್ನಲ್ಲಿಗೆ ಮುಕ್ಕಾಲು ಕಿಲೋಮೀಟರು ಮೊದಲೇ ಸುದ್ದಿ ಮುಟ್ಟಿರಬೇಕು. ಆಪ್ಟಿಕಾಂ ಕಣ್ಣಿನ ದೃಷ್ಟಿ ಹೆಚ್ಚುಕಡಮೆ ಅಷ್ಟೇ ದೂರ ಹರಿಯುತ್ತದೆ. ಆದ್ದರಿಂದ "ದೀಪ ಹಸಿರು ಮಾಡಿದರಾಯಿತು" ಎನ್ನುವುದು ಅರ್ಧ ಉತ್ತರ ಮಾತ್ರ. ಆಂಬುಲೆನ್ಸಿನ ಮುಂದೆ ನಿಂತವರೆಲ್ಲ ಕರಗುವಷ್ಟು ಮೊದಲು ಹಸಿರು ಮಾಡಬೇಕು. ಬೆಳಕಿನ ಕಣ್ಣು ತಿರುವಿನಾಚೆಗೆ ನೋಡಲಾರದು, ದೊಡ್ಡ ಲಾರಿ ಅಡ್ಡವಾದರೂ ನೋಡಲಾರದು. ಅದಕ್ಕಾಗಿಯೇ ಸೈರನ್ನಿನ ಸ್ವರವನ್ನು ಗುರುತಿಸುವ ಕಿವಿಯನ್ನು ಕೆಲವು ಊರುಗಳಲ್ಲಿ ಇಟ್ಟರು. ಈಚೆಗೆ ವಾಹನ ತಾನಿರುವ ಸ್ಥಳ, ವೇಗ, ದಿಕ್ಕುಗಳನ್ನು ಉಪಗ್ರಹದಿಂದ ತಿಳಿದು ರೇಡಿಯೋ ಮೂಲಕ ಸಿಗ್ನಲ್ಲಿಗೆ ತಿಳಿಸುವ ಪದ್ಧತಿ ಹೆಚ್ಚು ಬಳಕೆಗೆ ಬಂದಿದೆ.

ಇನ್ನು, ಎರಡು ಬೆಂಕಿ ವಾಹನಗಳು ಎರಡು ಠಾಣೆಗಳಿಂದ ಹೊರಟು ಒಂದೇ ಕೂಡುರಸ್ತೆಗೆ ಎರಡು ದಿಕ್ಕಿನಿಂದ ಬಂದರೆ? ದೊಡ್ಡ ಬೆಂಕಿಯ ದಿನ ಹೀಗಾಗುವುದು ಸಹಜ. ಇಬ್ಬರು ಚಾಲಕರೂ ಹಸಿರು ತಮಗೇ ಬರುತ್ತದೆಂದು ನಂಬಿ ನುಗ್ಗಿದರೆ ಪರಿಣಾಮ ಘೋರ. ಅದಕ್ಕೆ ಯಂತ್ರ ಮೊದಲು ಕಂಡವನಿಗೆ ಮೊದಲು ದಾರಿ ಕೊಡುತ್ತದೆ. ಹಲವೆಡೆ ಕಂಬದ ಮೇಲೆ ಬಿಳಿಯ ಸಣ್ಣ ದೀಪವೊಂದನ್ನು ಇಟ್ಟು, ದಾರಿ ಯಾರ ಪಾಲಾಯಿತೆಂದು ಚಾಲಕರಿಗೆ ತಿಳಿಸುತ್ತಾರೆ. ಬಿಳಿ ದೀಪ ತನಗೆ ಒಪ್ಪಿಗೆ ಕೊಡದಿದ್ದರೆ, ಸೈರನ್ ಎಷ್ಟೇ ಕೂಗುತ್ತಿರಲಿ, ಚಾಲಕ ಬ್ರೇಕಿನ ಮೇಲೆ ಕಾಲಿಡಬೇಕು.

ಸೇಂಟ್ ಪಾಲ್ ನಗರ 1969ರಿಂದ 1976ರೊಳಗೆ ತನ್ನ ಬಹುತೇಕ ಸಿಗ್ನಲ್ಲುಗಳಿಗೆ ಈ ಕಣ್ಣನ್ನು ಜೋಡಿಸಿತು. ಆ ಅವಧಿಯಲ್ಲಿ ತುರ್ತು ವಾಹನಗಳ ಅಪಘಾತದ ಪ್ರಮಾಣ ನೂರಕ್ಕೆ ಎಪ್ಪತ್ತರಷ್ಟು ಇಳಿಯಿತೆಂದು ಅಲ್ಲಿನ ಲೆಕ್ಕ ಹೇಳುತ್ತದೆ. ಉಳಿದ ಸಮಯದ ಲೆಕ್ಕಕ್ಕಿಂತ ಇದು ದೊಡ್ಡದು. ರೋಗಿಗೆ ಅರ್ಧ ನಿಮಿಷ ಉಳಿಯಿತೆಂಬುದು ಸಂತೋಷವೇ. ಆದರೆ ಆ ಅರ್ಧ ನಿಮಿಷಕ್ಕಾಗಿ ಕೆಂಪು ದೀಪದಲ್ಲಿ ಕಣ್ಣುಮುಚ್ಚಿ ನುಗ್ಗುವ ಜೂಜು ತಪ್ಪಿತೆಂಬುದೇ ಈ ಯಂತ್ರದ ನಿಜವಾದ ಉಪಕಾರ.

ಉಪಕಾರವಿದ್ದಲ್ಲಿ ದುರುಪಯೋಗ ಬರುವುದು ಲೋಕರೂಢಿ. 14ರ ತಾಳ ಗುಟ್ಟಾಗಿ ಬಹುಕಾಲ ಉಳಿಯಲಿಲ್ಲ. 2003ರ ಸುಮಾರಿಗೆ, ಕಾರಿನ ಸಿಗರೇಟು ಹೊತ್ತಿಸುವ ರಂಧ್ರಕ್ಕೆ ಚುಚ್ಚಿಕೊಂಡು ಗಾಜಿನೊಳಗಿನಿಂದ ಮಿಂಚಿಸಬಹುದಾದ ಸಣ್ಣ ಉಪಕರಣಗಳು ಅಮೆರಿಕದಲ್ಲಿ ಹಣ ಕೊಟ್ಟ ಯಾರಿಗಾದರೂ ಸಿಗತೊಡಗಿದವು. ಹತ್ತು ನಿಮಿಷ ತಡವಾಗಿ ಎದ್ದವನು ತನ್ನ ಕಛೇರಿಯ ಹಾದಿಯನ್ನೆಲ್ಲ ಹಸಿರು ಮಾಡಿಕೊಂಡು ಹೋಗುವ ಕಾಲ ಬಂತು. ಕೊಲರಾಡೊ ಪ್ರಾಂತದಲ್ಲಿ ಹೀಗೆ ಹೋಗುತ್ತಿದ್ದ ಒಬ್ಬ 2006ರಲ್ಲಿ ಸಿಕ್ಕಿಬಿದ್ದ. ಒಂದೇ ಬಗೆಯ ವಾಹನ ಬಂದಾಗಲೆಲ್ಲ ಸಿಗ್ನಲ್ ಅಡ್ಡಾದಿಡ್ಡಿಯಾಗುವುದನ್ನು ಇಂಜಿನಿಯರುಗಳು ಗಮನಿಸಿದ್ದರು. ಅವನು ತೆತ್ತ ದಂಡ 50 ಡಾಲರು, ಉಪಕರಣ ಕೊಂಡದ್ದು 100 ಡಾಲರಿಗೆ. ವ್ಯಾಪಾರ ನಷ್ಟದ್ದೇನಲ್ಲವೆಂದು ಅವನಿಗೆ ತೋರಿರಬೇಕು. ಅಷ್ಟರಲ್ಲಾಗಲೇ ಅಮೆರಿಕದ ಶಾಸನಸಭೆ 2005ರಲ್ಲಿ ಕಾನೂನು ಮಾಡಿ, ಅಧಿಕಾರವಿಲ್ಲದವನು ಇಂಥ ಉಪಕರಣ ಬಳಸಿದರೆ ಆರು ತಿಂಗಳ ತನಕ, ಅಂಥವನಿಗೆ ಮಾರಿದವನಿಗೆ ಒಂದು ವರ್ಷದ ತನಕ ಸೆರೆವಾಸವನ್ನು ಗೊತ್ತುಮಾಡಿತ್ತು. ಕಾನೂನಿನ ಜೊತೆಗೆ ಯಂತ್ರವೂ ಬುದ್ಧಿ ಕಲಿಯಿತು. ಈಗಿನ ಮಿಂಚುಗಳ ನಡುವೆ ವಾಹನದ ಗುರುತುಸಂಖ್ಯೆಯೂ ಅಡಗಿರುತ್ತದೆ. ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ ಸಿಗ್ನಲ್ ಕದಲುವುದಿಲ್ಲ.

ಸರದಿ ಮುರಿಯುವ ಈ ಹಕ್ಕು ಆಂಬುಲೆನ್ಸಿಗಿಂತ ಮೊದಲು ಮತ್ತೊಂದಕ್ಕೆ ಸಲ್ಲುತ್ತದೆ. ಅದು ರೈಲು. ರೈಲಿನ ಗೇಟಿಗೆ ಅಂಟಿಕೊಂಡಂತೆ ರಸ್ತೆ ಸಿಗ್ನಲ್ ಇರುವಲ್ಲಿ, ರೈಲು ಬರುವ ಮೊದಲು ಹಳಿಯ ಮೇಲೆ ನಿಂತ ವಾಹನಗಳು ಮುಂದಕ್ಕೆ ಸರಿದುಹೋಗುವಂತೆ ಹಸಿರು ಬೀಳಬೇಕು. ಹಳಿಯ ಯಂತ್ರ ರಸ್ತೆಯ ಯಂತ್ರಕ್ಕೆ ತಂತಿಯ ಮೂಲಕ ಸುದ್ದಿ ಕೊಡುತ್ತದೆ.

1995ರ ಅಕ್ಟೋಬರ್ 25ರ ಬೆಳಗ್ಗೆ, ಷಿಕಾಗೋ ನಗರಕ್ಕೆ ಸಮೀಪದ ಫಾಕ್ಸ್ ರಿವರ್ ಗ್ರೋವ್ ಎಂಬ ಊರಿನಲ್ಲಿ ಹೈಸ್ಕೂಲು ಮಕ್ಕಳನ್ನು ಹೊತ್ತ ಬಸ್ಸೊಂದು ಹಳಿಯನ್ನು ದಾಟಿತು. ದಾಟಿದೊಡನೆ ಎದುರಿಗೆ ಹೆದ್ದಾರಿಯ ಕೆಂಪು ದೀಪ. ಆ ಬೆಳಗ್ಗೆ ಬಸ್ಸು ನಡೆಸುತ್ತಿದ್ದಾಕೆ ಬದಲಿ ಚಾಲಕಿ, ಆ ಹಾದಿ ಆಕೆಗೆ ಹೊಸದು. ನಿಯಮದಂತೆ ಕೆಂಪಿಗೆ ನಿಂತಳು. ಹಳಿಗೂ ಹೆದ್ದಾರಿಗೂ ನಡುವಿನ ಜಾಗ ಬಸ್ಸಿನ ಉದ್ದಕ್ಕಿಂತ ಕಡಿಮೆ ಎಂಬುದು ಆಕೆಗೆ ತಿಳಿದಿರಲಿಲ್ಲ. ಬಸ್ಸಿನ ಬೆನ್ನು ರೈಲಿನ ದಾರಿಗೆ ಚಾಚಿಕೊಂಡೇ ಉಳಿಯಿತು. ಹಿಂದೆ ಕುಳಿತ ಮಕ್ಕಳು ರೈಲನ್ನು ಕಂಡು ಕೂಗಿಕೊಂಡರು. ಹಳಿಯ ಯಂತ್ರ ಸುದ್ದಿ ಕೊಟ್ಟಿತ್ತು, ರಸ್ತೆಯ ಯಂತ್ರವೂ ಸುದ್ದಿಯನ್ನು ಸ್ವೀಕರಿಸಿತ್ತು. ಆದರೆ ಅದು ಮೊದಲು ಹೆದ್ದಾರಿಯವರಿಗೆ ಸಲ್ಲಬೇಕಾದ ಅವಧಿಗಳನ್ನು ಮುಗಿಸಬೇಕಾಗಿತ್ತು. ಬಸ್ಸಿಗೆ ಹಸಿರು ಬಿದ್ದದ್ದು ರೈಲು ಬಡಿಯುವ ಕೆಲವೇ ಸೆಕೆಂಡು ಮೊದಲು. ಏಳು ಮಕ್ಕಳು ಸತ್ತರು.

ಅನಂತರ ನಡೆದ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇದು: ಎರಡು ಪೆಟ್ಟಿಗೆಗಳಲ್ಲಿ ಯಾವುದೂ ಕೆಟ್ಟಿರಲಿಲ್ಲ. ಒಂದು ರೈಲಿನವರದು, ಇನ್ನೊಂದು ರಸ್ತೆಯವರದು. ತನ್ನ ತನ್ನ ಕೆಲಸವನ್ನು ಪ್ರತಿಯೊಂದೂ ಮಾಡಿತ್ತು. ಒಂದರ ಸೆಕೆಂಡುಗಳು ಇನ್ನೊಂದರ ಸೆಕೆಂಡುಗಳಿಗೆ ಸಾಲುತ್ತವೆಯೇ ಎಂದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ನೋಡಿದವರಿರಲಿಲ್ಲ. ಆ ಮೇಲೆ ಅಮೆರಿಕದಾದ್ಯಂತ ಇಂಥ ಜೋಡಿಗಳನ್ನು ಹುಡುಕಿ ಪರೀಕ್ಷಿಸುವ ಕೆಲಸ ನಡೆಯಿತು. ರೈಲು ಇನ್ನೂ ದೂರದಲ್ಲಿರುವಾಗಲೇ ರಸ್ತೆಗೆ ಸುದ್ದಿ ಮುಟ್ಟಿಸುವ ಕ್ರಮ ಹೆಚ್ಚಾಯಿತು.

ಇನ್ನು ನಮ್ಮ ಊರಿನ ಮಾತು. ಕರ್ನಾಟಕದಲ್ಲಿ 108ರ ಆಂಬುಲೆನ್ಸುಗಳು 2008ರಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಿಂದ ಓಡಾಡತೊಡಗಿದವು. ದಾರಿ ಕೊಡಬೇಕೆಂಬುದಕ್ಕೆ ಕಾನೂನಿನ ಬಲವೂ ಇದೆ. ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಸೇರಿದ 194-ಇ ವಿಧಿಯ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದವನಿಗೆ ಆರು ತಿಂಗಳ ತನಕ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಕೆಂಪು ದೀಪದ ಮುಂದೆ ನಾಲ್ಕು ಕಡೆಯಿಂದಲೂ ಒತ್ತರಿಸಿಕೊಂಡು ನಿಂತವನು ದಂಡಕ್ಕೆ ಹೆದರಿ ಎಲ್ಲಿಗೆ ಹೋಗಬೇಕು? ಹಿಂದಿರುವವರು ಹಾರನ್ ಒತ್ತಿ "ಹೋಗ್ರೀ ಸಾರ್, ಮುಂದೆ ಹೋಗ್ರೀ" ಎನ್ನುತ್ತಾರೆ. ಮುಂದೆ ಹೋದರೆ ಕಂಬದ ಮೇಲಿನ ಕ್ಯಾಮರಾ ಚಿತ್ರ ತೆಗೆದು ಮನೆಗೆ ದಂಡದ ಚೀಟಿ ಕಳುಹಿಸೀತೆಂಬ ಭಯ.

ನಮ್ಮಲ್ಲಿ ಈ ಕಣ್ಣಿನ ಕೆಲಸವನ್ನು ಮಾಡಿಕೊಂಡು ಬಂದಿರುವುದು ಮನುಷ್ಯರು. ಅದಕ್ಕೆ ಪತ್ರಿಕೆಗಳವರು 'ಝೀರೋ ಟ್ರಾಫಿಕ್' ಎಂದು ಹೆಸರಿಟ್ಟಿದ್ದಾರೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಿಂದ ದಾನದ ಹೃದಯವೊಂದು ವಿಮಾನವೇರಿ ಚೆನ್ನೈಗೆ ಹೋಯಿತು. ದೇಹದಿಂದ ತೆಗೆದ ಹೃದಯ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಂದು ದೇಹದಲ್ಲಿ ಮಿಡಿಯತೊಡಗಬೇಕು. ಆಸ್ಪತ್ರೆಯಿಂದ ವಿಮಾನ ನಿಲ್ದಾಣದವರೆಗೆ ಒಂದೊಂದು ಸರ್ಕಲ್ಲಿನಲ್ಲಿಯೂ ಪೋಲೀಸಿನವರು ನಿಂತು, ವೈರ್‌ಲೆಸ್ಸಿನಲ್ಲಿ ಸುದ್ದಿ ಕೇಳಿ, ಕೈಯಿಂದಲೇ ದಾರಿ ತೆರೆದರು. 2020ರ ಫೆಬ್ರವರಿಯಲ್ಲಿ ಮಂಗಳೂರಿನಿಂದ 40 ದಿನದ ಹಸುಗೂಸೊಂದನ್ನು ಹೃದಯದ ಚಿಕಿತ್ಸೆಗಾಗಿ ಬೆಂಗಳೂರಿಗೆ ತಂದಾಗ, ಘಟ್ಟ ಹತ್ತಿ ಬರುವ ಸುಮಾರು 350 ಕಿಲೋಮೀಟರು ಹಾದಿ ನಾಲ್ಕೂವರೆ ಗಂಟೆಯೊಳಗೆ ಮುಗಿಯಿತು. ದಾರಿಯುದ್ದಕ್ಕೂ ಊರೂರಿನ ಯುವಕರು ರಸ್ತೆಗಿಳಿದು ವಾಹನಗಳನ್ನು ತಡೆದು ನಿಲ್ಲಿಸಿದ್ದರು. ಅಂಥ ದಿನ ಇಡೀ ನಾಡೇ ಆ ಮಗುವಿನ ಬಂಧುವಾಗುತ್ತದೆ. ಆದರೆ ಸುದ್ದಿಯಾಗದ ಮಗುವನ್ನು ಹೊತ್ತ ಆಂಬುಲೆನ್ಸ್ ದಿನವೂ ಹೊರಡುತ್ತದೆ, ಅದಕ್ಕಾಗಿ ರಸ್ತೆಯುದ್ದಕ್ಕೂ ಜನರನ್ನು ನಿಲ್ಲಿಸಲು ಯಾರಿಂದಲೂ ಆಗದು. ಯಂತ್ರ ಬೇಕಾಗುವುದು ಆ ಮಗುವಿಗೆ.

ಉಪಗ್ರಹದ ಮೂಲಕ ಆಂಬುಲೆನ್ಸಿನ ನೆಲೆಯನ್ನರಿತು ಸಿಗ್ನಲ್ ಬದಲಾಯಿಸುವ ಪ್ರಯತ್ನಗಳು ಬೆಂಗಳೂರಿನಲ್ಲಿಯೂ ನಡೆದಿವೆ. ತೊಡಕುಗಳು ಅಲ್ಪವಲ್ಲ. ಮೇಲೆ ಹೇಳಿದ 20 ಕಾರುಗಳ ಲೆಕ್ಕ ಸಾಲಾಗಿ ನಿಲ್ಲುವ ಊರಿನದು. ಸಾಲೆಂಬುದೇ ಇಲ್ಲದೆ ಕಾರಿನ ಸಂದಿನಲ್ಲಿ ಆಟೋ, ಆಟೋದ ಸಂದಿನಲ್ಲಿ ಸ್ಕೂಟರು ನುಸುಳಿ ನಿಲ್ಲುವಲ್ಲಿ ಆ ಲೆಕ್ಕ ನಡೆಯದು. ಮುಂದಿನ ಸರ್ಕಲ್ಲೇ ತುಂಬಿ ನಿಂತಿದ್ದರೆ ಈ ಸರ್ಕಲ್ಲಿನ ಹಸಿರಿನಿಂದ ಪ್ರಯೋಜನವಿಲ್ಲ. ಒಂದನ್ನಲ್ಲ, ಮೂರು ನಾಲ್ಕನ್ನು ಒಂದರ ಮುಂದೊಂದರಂತೆ ತೆರೆಯುತ್ತ ಹೋಗಬೇಕು. ಖಾಲಿ ಆಂಬುಲೆನ್ಸಿಗೂ ರೋಗಿಯಿರುವ ಆಂಬುಲೆನ್ಸಿಗೂ ಭೇದ ತಿಳಿಯಬೇಕು, ಇಲ್ಲವಾದರೆ ಕೊಲರಾಡೊದ ಆ ಮನುಷ್ಯನ ಬಂಧುಗಳು ಇಲ್ಲಿಯೂ ಹುಟ್ಟಿಕೊಂಡಾರು. ಜೊತೆಗೆ, ಜನರಿಗೆ ಪ್ರಿಯವಾದ ಆ ಇಳಿಯುವ ಅಂಕಿಗಳ ಫಲಕ. ಇನ್ನು 60 ಸೆಕೆಂಡು ಎಂದು ಮಾತು ಕೊಟ್ಟ ಫಲಕ, ಆಂಬುಲೆನ್ಸ್ ಬಂದಾಗ ಮಾತು ಮುರಿಯಲೇಬೇಕು. ಅಂಕಿಯನ್ನು ನಂಬಿ ಇಂಜಿನ್ ಆರಿಸಿ ಕುಳಿತವನು ಥಟ್ಟನೆ ಹಸಿರು ಬಿದ್ದಾಗ ಕಕ್ಕಾಬಿಕ್ಕಿಯಾಗುತ್ತಾನೆ, 30 ಸೆಕೆಂಡು ಉಳಿದಿದೆಯೆಂದು ನುಗ್ಗಿ ಬಂದವನು ಥಟ್ಟನೆ ಹಳದಿ ಕಂಡು ಗಾಬರಿಯಾಗುತ್ತಾನೆ.

ಸಂಜೆಯ ಆ ಸರ್ಕಲ್ಲಿನಲ್ಲಿ ಅಂಕಿ 61ಕ್ಕೆ ಇಳಿದಿದೆ. ಆಂಬುಲೆನ್ಸ್ ಇನ್ನೂ ಕೂಗುತ್ತಿದೆ. ಮರದ ನೆರಳಿನಲ್ಲಿ ನಿಂತಿದ್ದ ಪೋಲೀಸಿನವರು ಕಂಬದ ಬಳಿಗೆ ಓಡುತ್ತಾರೆ, ಪೆಟ್ಟಿಗೆಯ ಬಾಗಿಲು ತೆರೆದು ಒಳಗೆ ಕೈ ಹಾಕುತ್ತಾರೆ. ಫಲಕದ ಅಂಕಿ ಮಾಯವಾಗುತ್ತದೆ. ಅಡ್ಡ ರಸ್ತೆಗೆ ಹಳದಿ ಬೀಳುತ್ತದೆ, ಆಮೇಲೆ ಕೆಂಪು, ಆಮೇಲೆ ಇತ್ತ ಹಸಿರು. ಸ್ಕೂಟರುಗಳು, ಆಟೋಗಳು, ಬಸ್ಸು ಒಂದೊಂದಾಗಿ ಹೊರಡುತ್ತವೆ. ಆಂಬುಲೆನ್ಸ್ ಅವುಗಳ ಹಿಂದೆ ನಿಧಾನವಾಗಿ ಚಲಿಸಿ, ಕೂಡುರಸ್ತೆ ದಾಟಿದ ಮೇಲೆ ವೇಗ ಹಿಡಿಯುತ್ತದೆ. ಹುಡುಗ ತಿರುಗಿ ನೋಡಿ, "ಅಪ್ಪಾ, ಆ ಮಾಮ ಮನೆಗೆ ಹೋದ ಮೇಲೆ ದೀಪ ಯಾರು ಬದಲಾಯಿಸುತ್ತಾರೆ?" ಎಂದು ಕೇಳುತ್ತಾನೆ.